ಇಡಗುಂದಿ ಟ್ರಾಕ್ಟರಿಗೆ ‘ತಲೆಬಿಸಿ’

ಬರೀ ಪ್ಯಾಕಿಂಗ್ ಬದಲಿಸಿದರೆ ದುಡ್ಡು ಎರಡು ಸಲ. ಹೆಡ್ ಇಳಿಸಿದ ಮೇಲೆ ಅಳತೆ ನೋಡಿಯೇ ಏರಿಸಿ

ಇಡಗುಂದಿ: ಈ ಕಡೆಯ ಜನ ಚಿಂತೆಗೆ ‘ತಲೆಬಿಸಿ’ ಎನ್ನುತ್ತಾರೆ. ಹಳೆ ಡೀಸೆಲ್ ಟ್ರಾಕ್ಟರ್ ಇಟ್ಟುಕೊಂಡವರ ಪಾಲಿಗೆ ಈ ಮಾತು ಅಕ್ಷರಕ್ಕೆ ಅಕ್ಷರ ನಿಜ. ಇಂಜಿನ್ನಿನ ತಲೆ ಅಂದರೆ ಸಿಲಿಂಡರ್ ಹೆಡ್. ಅದು ಕಾದು ಕೆಂಪಾದರೆ ಯಜಮಾನರ ತಲೆಯೂ ಬಿಸಿ, ಮನೆಯ ತಿಜೋರಿ ತಣ್ಣಗೆ.

ಯಲ್ಲಾಪುರದಿಂದ ಅಂಕೋಲೆ ಕಡೆಗೆ ಅರಬೈಲ್ ಘಟ್ಟ ಇಳಿಯುವ ಹೆದ್ದಾರಿಯಲ್ಲಿ ದಿನಾ ಬಸ್ಸು ಹತ್ತಿಳಿಯುವವರಿಗೆ ಇಡಗುಂದಿ ಗೊತ್ತು. ಅಡಕೆ ತೋಟ, ಒಂದಿಷ್ಟು ಗದ್ದೆ, ಮೇಲೆ ಸೊಪ್ಪಿನ ಬೆಟ್ಟ. ತೋಟಕ್ಕೆ ಗೊಬ್ಬರ ಹೋಗಬೇಕು, ಬೆಟ್ಟದಿಂದ ಸೊಪ್ಪು, ದರಕು ಬರಬೇಕು, ಅಡಕೆ ಚೀಲ ಪೇಟೆ ಮುಟ್ಟಬೇಕು. ಮನೆ ಕಟ್ಟುವವರಿಗೆ ಕಲ್ಲು, ಹಂಚು, ಅಂಗಡಿಯವರಿಗೆ ಸಿಮೆಂಟು, ಮದುವೆ ಮನೆಗೆ ದೊಡ್ಡ ಪಾತ್ರೆ. ಲಾರಿ ಒಳಗೆ ಬಾರದ ಮಣ್ಣು ರಸ್ತೆಯಲ್ಲಿ ಇದನ್ನೆಲ್ಲ ಹೊರುವುದು ಟ್ರಾಕ್ಟರಿನ ಟ್ರೇಲರ್. ಹಾಗಾಗಿ ಒಂದು ಟ್ರಾಕ್ಟರ್ ಮಲಗಿತು ಅಂದರೆ ಮಲಗುವುದು ಒಂದು ಮನೆಯ ಕೆಲಸ ಮಾತ್ರ ಅಲ್ಲ. ಘಟ್ಟದ ತಿರುವಿನಲ್ಲಿ ಕೆಟ್ಟು ನಿಂತರೆ ಹಿಂದೆ ಬಸ್ಸಿನ ಹಾರನ್, ಬಸ್ಸಿನೊಳಗೆ ಕಚೇರಿಗೆ ತಡವಾದವರ ಗೊಣಗಾಟ.

ಇಂಥ ಟ್ರಾಕ್ಟರುಗಳಲ್ಲಿ ಹಲವು ಯಜಮಾನರ ಮಗನಿಗಿಂತ ಹಳೆಯವು. ಹೊಸದು ಕೊಳ್ಳಲು ಲಕ್ಷಗಟ್ಟಲೆ ಬೇಕು, ಬ್ಯಾಂಕಿನ ಬಾಗಿಲು ಕಾಯಬೇಕು. ಹಳೆಯದನ್ನೇ ರಿಪೇರಿ ಮಾಡಿ ಇನ್ನು ನಾಲ್ಕು ಮಳೆಗಾಲ ಓಡಿಸುವಾ ಎಂಬುದು ಎಲ್ಲರ ಲೆಕ್ಕ. ಲೆಕ್ಕ ತಪ್ಪಲ್ಲ. ತಪ್ಪುವುದು ರಿಪೇರಿ ಮಾಡುವ ರೀತಿ. ಹೆಡ್ ಇಳಿಸಿ, ಪ್ಯಾಕಿಂಗ್ ಬದಲಿಸಿ, ಸಂಜೆಯೊಳಗೆ ಸ್ಟಾರ್ಟ್ ಮಾಡಿ ಕೊಡುವ ಕೆಲಸ ನೋಡಲಿಕ್ಕೆ ಅಗ್ಗ. ಒಂದೆರಡು ತಿಂಗಳಲ್ಲಿ ಅದೇ ಹೆಡ್ ಮತ್ತೆ ಇಳಿದಾಗ ಅಗ್ಗದ ಬೆಲೆ ಗೊತ್ತಾಗುತ್ತದೆ.

‘ಮ್ಯಾಸಿ’ಯ ಮೂಲ

ಹಳ್ಳಿಗಳಲ್ಲಿ ಇಂದಿಗೂ ಗುಟುರು ಹಾಕುವ ಹಳೆ ಟ್ರಾಕ್ಟರುಗಳಲ್ಲಿ ‘ಮ್ಯಾಸಿ’ ಎಂದು ಕರೆಸಿಕೊಳ್ಳುವ ಮ್ಯಾಸಿ ಫರ್ಗುಸನ್‌ಗೆ ಒಂದು ಸ್ಥಾನವಿದೆ. ಬ್ರಿಟನ್ನಿನಲ್ಲಿ ಈ ಕಂಪನಿಯ 35 ನಂಬರಿನ ಟ್ರಾಕ್ಟರಿಗೆ ಮೊದಲು ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ ಇತ್ತು. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲು ಅದರದು ಬಹಳ ತಕರಾರು. 1959ರಲ್ಲಿ ಕಂಪನಿ ಪೀಟರ್‌ಬರೋ ಊರಿನ ಪರ್ಕಿನ್ಸ್ ಇಂಜಿನ್ ಕಾರ್ಖಾನೆಯನ್ನೇ ಕೊಂಡುಕೊಂಡಿತು. ಅದೇ ವರ್ಷದ ಕೊನೆಯಲ್ಲಿ ಪರ್ಕಿನ್ಸ್‌ನ ಮೂರು ಸಿಲಿಂಡರ್ ಇಂಜಿನ್ ಟ್ರಾಕ್ಟರಿನ ಹೊಟ್ಟೆ ಸೇರಿತು. 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಕಂಪನಿ ಹುಟ್ಟಿ, ಮ್ಯಾಸಿ ನಮ್ಮ ದೇಶದ ಗದ್ದೆಗೂ ಇಳಿಯಿತು. ಮುಂದೆ ಬಂದದ್ದೇ 1035, ನಮ್ಮವರ ಬಾಯಲ್ಲಿ ‘ಹತ್ತು ಮೂವತ್ತೈದು’. ಮದ್ರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಮಾದರಿಯ ಇಂಜಿನ್ ಇಲ್ಲೇ ತಯಾರಿಸಿತು.

ಇಂಜಿನ್ನಿನ ಲೆಕ್ಕ ಸರಳ. ಮೂರು ಸಿಲಿಂಡರ್, ಒಂದೊಂದರ ಬಾಯಿ ಅಗಲ 3.6 ಇಂಚು, ಪಿಸ್ಟನ್ ಏರಿಳಿಯುವ ದೂರ 5 ಇಂಚು. ಒಟ್ಟು ಗಾತ್ರ ಸುಮಾರು ಎರಡೂವರೆ ಲೀಟರ್. ಸಿಡಿಯುವ ಸರದಿ 1, 2, 3. ಇಷ್ಟು ಸರಳವಾಗಿರುವುದರಿಂದಲೇ ಹಳ್ಳಿಯ ಮೇಸ್ತ್ರಿಯ ಕೈಗೂ ಸಿಗುತ್ತದೆ, ಬಿಡಿಭಾಗವೂ ಸಿಗುತ್ತದೆ. ಎಲ್ಲ ಹಳೆ ಟ್ರಾಕ್ಟರುಗಳಿಗೆ ಈ ಭಾಗ್ಯ ಇಲ್ಲ. ಎಚ್‌ಎಂಟಿ ಟ್ರಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಆ ಗಾಡಿ ಇಟ್ಟುಕೊಂಡವರು ಸಾಮಾನಿಗಾಗಿ ಗುಜರಿ ಅಂಗಡಿಯನ್ನೂ ನೋಡಬೇಕಾಗಿದೆ.

ತಲೆಯೊಳಗೆ ಏನಿದೆ

ಡೀಸೆಲ್ ಇಂಜಿನ್‌ಗೆ ಪ್ಲಗ್ ಇಲ್ಲ, ಕಿಡಿ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರು ಹದಿನೇಳರಲ್ಲಿ ಒಂದು ಪಾಲಿಗೆ ಹಿಂಡುತ್ತದೆ. ಹಿಂಡಿದ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಅದರೊಳಗೆ ನೋಜಲ್ ಡೀಸೆಲ್ ಚಿಮುಕಿಸಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರ್ 1897ರಲ್ಲಿ ಓಡಿಸಿ ತೋರಿಸಿದ್ದು ಇದನ್ನೇ.

ಈ ಹಿಂಡುವ ಕೆಲಸಕ್ಕೆ ಮೇಲಿನ ಮುಚ್ಚಳ ಹೆಡ್. ಕುಕ್ಕರಿನ ಮುಚ್ಚಳ ಇದ್ದಂತೆ ಅನ್ನಬಹುದು, ಆದರೆ ಒತ್ತಡ ಕುಕ್ಕರಿನದಲ್ಲ. ಚದರ ಇಂಚಿಗೆ ಸಾವಿರ ಪೌಂಡ್ ಎಂದು ಕಡಿಮೆಯಲ್ಲೇ ಹಿಡಿದರೂ, 3.6 ಇಂಚಿನ ಬಾಯಿಯ ಮೇಲೆ ಪ್ರತಿ ಸಿಡಿತಕ್ಕೆ ನಾಲ್ಕೂವರೆ ಟನ್ ಎತ್ತುಗಡೆ. ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರ್ ಸಾವಿರ ಸಲ ಸಿಡಿಯುತ್ತದೆ. ಹೆಡ್ಡನ್ನು ಬ್ಲಾಕಿಗೆ ಒತ್ತಿ ಹಿಡಿದ ನಟ್ಟುಗಳು ಈ ಏಟನ್ನು ದಿನವಿಡೀ ತಿನ್ನಬೇಕು.

ಅದೇ ಬೀಡಿನ ತುಂಡಿನೊಳಗೆ ಆರು ವಾಲ್ವ್, ಮೂರು ನೋಜಲ್, ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ, ತಂಪಿಗೆ ನೀರು ಓಡುವ ಪೊಳ್ಳು, ರಾಕರಿಗೆ ಎಣ್ಣೆ ಏರುವ ಸಣ್ಣ ತೂತು. ಹೆಡ್ಡಿಗೂ ಬ್ಲಾಕಿಗೂ ನಡುವೆ ಒಂದು ತೆಳು ಹಾಳೆ, ಅದೇ ಗ್ಯಾಸ್ಕೆಟ್ ಅಥವಾ ಹೆಡ್ ಪ್ಯಾಕಿಂಗ್. ಬೆಂಕಿ, ನೀರು, ಎಣ್ಣೆ ಮೂರೂ ಅಕ್ಕಪಕ್ಕ ಇದ್ದು ಒಂದಕ್ಕೊಂದು ಮುಟ್ಟದ ಹಾಗೆ ಕಾಯುವುದು ಅದರ ಕೆಲಸ. ಹೆಡ್ ಒಂದು ಕೂದಲೆಳೆ ಸೊಟ್ಟಗಾದರೂ ಈ ಕಾವಲುಗಾರ ಸೋತ.

ಘಟ್ಟದ ಏರು, ಹಳ್ಳದ ತಣ್ಣೀರು

ಸೊಟ್ಟಗಾಗುವುದು ಯಾಕೆ? ತುಂಬಿದ ಟ್ರೇಲರ್ ಎಳೆದುಕೊಂಡು ಟ್ರಾಕ್ಟರ್ ಸಣ್ಣ ಗೇರಿನಲ್ಲಿ ಘಟ್ಟ ಏರುತ್ತದೆ. ಗಾಡಿ ನಿಧಾನ, ಎದುರು ಗಾಳಿ ಕಡಿಮೆ, ಇಂಜಿನ್ ಮಾತ್ರ ಪೂರ್ತಿ ದುಡಿತದಲ್ಲಿ. ರೇಡಿಯೇಟರ್ ಜಾಲರಿಯ ತುಂಬ ಹುಲ್ಲಿನ ಹೊಟ್ಟು, ಧೂಳು. ಫ್ಯಾನ್ ಬೆಲ್ಟ್ ಸಡಿಲ. ಒಳಗೆ ವರ್ಷಗಟ್ಟಲೆ ಹಾಕಿದ ಹಳ್ಳದ ನೀರಿನ ಕೆಸರು, ತುಕ್ಕು. ತಿರುವು ಮುಗಿಯುವುದರೊಳಗೆ ನೀರು ಕುದಿಯುತ್ತದೆ.

ಮುಂದಿನದೇ ಅನಾಹುತ. ಡ್ರೈವರ್ ಇಳಿದು ಪಕ್ಕದ ಹಳ್ಳದಿಂದ ಒಂದು ಕ್ಯಾನು ತಣ್ಣೀರು ತಂದು ದಬಾರನೆ ಹೊಯ್ಯುತ್ತಾನೆ. ಒಲೆಯ ಮೇಲೆ ಕಾದ ಬೀಡಿನ ಕಾವಲಿಗೆ ತಣ್ಣೀರು ಹಾಕಿದರೆ ಏನಾಗುತ್ತದೆಂದು ಮನೆ ಹೆಂಗಸರನ್ನು ಕೇಳಿದರೆ ಸಾಕು. ಹೆಡ್ಡೂ ಅದೇ ಬೀಡು. ಎರಡು ವಾಲ್ವ್‌ಗಳ ನಡುವಿನ ತೆಳು ಜಾಗ, ನೋಜಲ್ ತೂತಿನ ಸುತ್ತ, ಇಂಥ ಕಡೆ ಕೂದಲಿನಂಥ ಬಿರುಕು ಬಿಡುತ್ತದೆ. ಆ ದಿನ ಏನೂ ಕಾಣದು. ತಿಂಗಳು ಕಳೆದ ಮೇಲೆ ನೀರು ಕಮ್ಮಿಯಾಗಲು ಶುರು.

ಬಲ್ಲವರು ಹೇಳುವ ಕ್ರಮ ಬೇರೆ. ನೀರು ಇದ್ದು ಬರೀ ಕಾದಿದ್ದರೆ ಗಾಡಿ ಪಕ್ಕಕ್ಕೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಭಾರ ಇಲ್ಲದೆ ಇಂಜಿನ್ ಸಣ್ಣಗೆ ಓಡಿಸುತ್ತ ತಣಿಸಬೇಕು. ನೀರು ಪೂರಾ ಖಾಲಿಯಾಗಿದ್ದರೆ ಇಂಜಿನ್ ನಿಲ್ಲಿಸಿ ಬೀಡಿ ಸೇದಿ, ಎಲೆ ಅಡಿಕೆ ಹಾಕಿ, ಮುಟ್ಟಿದರೆ ಕೈ ತಾಳುವವರೆಗೆ ಕಾಯಬೇಕು. ಆಮೇಲೆ ಮುಚ್ಚಳಕ್ಕೆ ಬಟ್ಟೆ ಸುತ್ತಿ ಬಿಚ್ಚಿ, ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಅವಸರದಲ್ಲಿ ಮುಚ್ಚಳ ತೆಗೆದು ಮುಖ ಸುಟ್ಟುಕೊಳ್ಳುವ ಅಪಾಯ ಬೇರೆ ಇದೆ.

ಇನ್ನೊಂದು ಕೆಟ್ಟ ಚಾಳಿ ಉಂಟು. ‘ಬಿಸಿ ಆಗ್ತದೆ’ ಅಂದ ಕೂಡಲೇ ಥರ್ಮೋಸ್ಟಾಟ್ ಕಿತ್ತು ಎಸೆಯುವುದು. ಅದು ಇಂಜಿನ್ ಹದಕ್ಕೆ ಕಾಯುವವರೆಗೆ ನೀರನ್ನು ತಡೆದು, ಕಾದ ಮೇಲೆ ದಾರಿ ಬಿಡುವ ಬಾಗಿಲು. ಕೆಟ್ಟಿದ್ದರೆ ಹೊಸದು ಹಾಕಬೇಕೇ ಹೊರತು ಬಾಗಿಲನ್ನೇ ಕಿತ್ತರೆ ಇಂಜಿನ್ ಒಂದು ಹೊತ್ತು ತೀರಾ ತಣ್ಣಗೆ, ಒಂದು ಹೊತ್ತು ಬಿಸಿ.

ಬಿಚ್ಚುವ ಮೊದಲು ಕೇಳಿ

ವರ್ಕ್‌ಶಾಪಿನ ಮುಂದೆ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

“ಏನಾಯ್ತು ಹೆಗಡೇರೆ?”

“ನೀರು ಕುಡೀತದೆ ಮಾರಾಯಾ. ಬೆಳಿಗ್ಗೆ ತುಂಬ್ಸಿದ್ರೆ ಸಂಜೆಗೆ ಇಲ್ಲ. ಎಲ್ಲೂ ಸೋರಿದ್ದು ಕಾಣೋದಿಲ್ಲ.”

“ಎಣ್ಣೆ ಕಡ್ಡಿ ಎಳೆದು ನೋಡಿದ್ರಾ? ಹೊಗೆ ಬಿಳಿಯೋ, ನೀಲಿಯೋ?”

ಈ ಎರಡು ಪ್ರಶ್ನೆ ಕೇಳಿದ ಮೇಸ್ತ್ರಿ ಕೆಲಸ ಬಲ್ಲವನು ಎಂದು ತಿಳಿಯಬಹುದು. ಕೇಳದೆಯೇ ಪಾನೆ ಹಿಡಿದು ಬರುವವನ ಬಗ್ಗೆ ಹುಷಾರು.

ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬಿಡದೆ ಬಂದರೆ ಒಳಗೆ ನೀರು ಹೋಗುತ್ತಿರುವ ಗುಮಾನಿ. ನೀಲಿ ಹೊಗೆ ಅಂದರೆ ಎಣ್ಣೆ ಸುಡುತ್ತಿದೆ, ವಾಲ್ವ್ ಗೈಡ್ ಇಲ್ಲವೇ ಪಿಸ್ಟನ್ ರಿಂಗ್ ಸವೆದಿರಬಹುದು. ಕಪ್ಪು ಹೊಗೆಗೆ ಗಾಳಿ ಫಿಲ್ಟರ್ ಕಟ್ಟಿದ್ದು, ನೋಜಲ್ ಕೆಟ್ಟಿದ್ದು, ಹೊರಲಾರದ ಭಾರ ಹೊರಿಸಿದ್ದು ಕಾರಣ. ಎಣ್ಣೆ ಕಡ್ಡಿಯಲ್ಲಿ ಹಾಲು ಹಾಕಿದ ಚಾದ ಬಣ್ಣ ಕಂಡರೆ ಎಣ್ಣೆಗೆ ನೀರು ಸೇರಿದೆ. ಅಂಥ ಗಾಡಿಯನ್ನು ಮನೆಯವರೆಗೂ ಓಡಿಸಬಾರದು, ಬೇರಿಂಗ್ ಹೋಗುತ್ತದೆ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ, ನೀರಿನಲ್ಲಿ ಗುಳ್ಳೆ ಒಂದೇ ಸಮನೆ ಎದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ ಎಂದರ್ಥ.

ಇಷ್ಟು ನೋಡಿದರೆ ಹೆಡ್ ಇಳಿಸಬೇಕೋ, ಬರೀ ನೋಜಲ್ ಬಿಚ್ಚಿದರೆ ಸಾಕೋ ಗೊತ್ತಾಗುತ್ತದೆ. ಹೆಡ್ ಇಳಿಸದೇ ಮುಗಿಯುವ ಕೆಲಸಕ್ಕೆ ಹೆಡ್ ಇಳಿಸಿದ ಬಿಲ್ ಕೊಟ್ಟವರು ಈ ತಾಲೂಕಿನಲ್ಲಿ ಒಬ್ಬಿಬ್ಬರಲ್ಲ ಎಂಬುದು ಸಂತೆಯ ಮಾತು.

ಹೆಡ್ ಇಳಿಯಿತು

ಇಳಿಸುವ ಕೆಲಸ ಇಂಜಿನ್ ಪೂರಾ ತಣಿದ ಮೇಲೆ. ಬಿಸಿ ಇರುವಾಗ ನಟ್ಟು ಸಡಿಲಿಸಿದರೆ ನೆಟ್ಟಗಿದ್ದ ಹೆಡ್ಡೂ ಸೊಟ್ಟ. ನೀರು ಬಸಿದು, ಬ್ಯಾಟರಿ ತಂತಿ ಬಿಡಿಸಿ, ಡೀಸೆಲ್ ಪೈಪುಗಳ ಬಾಯಿಗೆ ಚೊಕ್ಕ ಬಟ್ಟೆ ಕಟ್ಟಬೇಕು. ಪಂಪು, ನೋಜಲ್‌ಗಳ ಪಾಲಿಗೆ ಒಂದು ಚಿಟಿಕೆ ಧೂಳೂ ವಿಷ. ನೋಜಲ್ ತೆಗೆದಾಗ ಅದರ ಬುಡದ ತಾಮ್ರದ ವಾಷರ್ ಒಳಗೇ ಉಳಿಯಿತೋ ನೋಡಬೇಕು. ಹಳೆಯದರ ಮೇಲೆ ಹೊಸದು ಕೂತರೆ ನೋಜಲ್ ಮೇಲಕ್ಕೆದ್ದು ಹೊಗೆ ಶುರು.

ಪುಶ್ ರಾಡ್‌ಗಳು ತಮ್ಮ ತಮ್ಮ ಜಾಗದಲ್ಲೇ ಸವೆದು ಹೊಂದಿಕೊಂಡಿರುತ್ತವೆ. ಹಳೆ ಮೇಸ್ತ್ರಿಗಳು ರಟ್ಟಿನ ಡಬ್ಬಿಗೆ ಆರು ತೂತು ಕೊರೆದು, ನಂಬರ್ ಬರೆದು, ಸರದಿಯಲ್ಲೇ ಚುಚ್ಚಿ ಇಡುತ್ತಾರೆ. ಹೆಡ್ ನಟ್ಟುಗಳನ್ನು ತುದಿಯಿಂದ ನಡುವಿಗೆ ಬರುತ್ತ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಎತ್ತಲು ಇಬ್ಬರು ಬೇಕು. ಬ್ಲಾಕಿನ ಸಂದಿಗೆ ಉಳಿ ಹಾಕಿ ಮೀಟುವುದು ಬೇಡ, ಆ ಗೀರು ಮುಂದೆ ನೀರಿನ ದಾರಿ. ಕೆಳಗಿಡುವುದು ಮರದ ಹಲಗೆಯ ಮೇಲೆ.

ಇಳಿಸಿದ ಕೂಡಲೇ ಹಳೆ ಪ್ಯಾಕಿಂಗ್ ಎಸೆಯಬಾರದು. ಅದೇ ಸಾಕ್ಷಿ. ಎರಡು ಸಿಲಿಂಡರುಗಳ ನಡುವೆ ಕಪ್ಪಗೆ ಸುಟ್ಟಿದೆಯೋ, ನೀರಿನ ತೂತಿನ ಬಳಿ ಕೊಳೆತಿದೆಯೋ, ಒಂದು ಬದಿ ಒತ್ತೇ ಇಲ್ಲವೋ, ಅದನ್ನು ನೋಡಿದರೆ ಹೆಡ್ ಎಲ್ಲಿ ಎದ್ದಿದೆ ಎಂದು ತಿಳಿಯುತ್ತದೆ. ಯಜಮಾನರು ಎದುರಿಗಿದ್ದು ನೋಡುವುದು ಒಳ್ಳೆಯದು.

ಕಣ್ಣು ಸಾಲದು, ಪಟ್ಟಿ ಬೇಕು

ಇಲ್ಲಿಯೇ ಅಗ್ಗದ ಕೆಲಸಕ್ಕೂ ಸರಿಯಾದ ಕೆಲಸಕ್ಕೂ ದಾರಿ ಬೇರೆಯಾಗುವುದು. ಮಸಿ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿದ ಮೇಲೆ ಹೆಡ್ಡಿನ ಮುಖ ಕನ್ನಡಿಯಂತೆ ಕಾಣುತ್ತದೆ. ಕಣ್ಣಿಗೆ ನೆಟ್ಟಗೆ. ಅದರ ಮೇಲೆ ನಿಖರವಾದ ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿದಾಗ ಬಣ್ಣ ಬಯಲು. ಒಂದು ಇಂಚಿನ ಸಾವಿರದಲ್ಲಿ ಒಂದು ಪಾಲು ಒಂದು ‘ಥೌ’. ಈ ಜಾತಿಯ ಹೆಡ್‌ಗಳಲ್ಲಿ ಉದ್ದಕ್ಕೆ ಸುಮಾರು 6 ಥೌ, ಅಡ್ಡಕ್ಕೆ 3 ಥೌ ದಾಟಿದರೆ ಹಾಗೇ ಏರಿಸುವಂತಿಲ್ಲ. ಆರು ಥೌ ಅಂದರೆ ಒಂದೂವರೆ ಹತ್ತಾಂಶ ಮಿಲಿಮೀಟರ್. ಹೊಸ ಪ್ಯಾಕಿಂಗ್ ಅದನ್ನು ಕೆಲವು ದಿನ ಮರೆಮಾಡುತ್ತದೆ, ಅಷ್ಟೆ.

ಎರಡನೆಯದು ಬಿರುಕು. ಊರಿನಲ್ಲೇ ಮಾಡಬಹುದಾದ ಹಳೆ ಪರೀಕ್ಷೆ ಒಂದಿದೆ. ಗುಮಾನಿ ಇರುವ ಜಾಗಕ್ಕೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಬೇಕು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ದೊಡ್ಡ ವರ್ಕ್‌ಶಾಪುಗಳಲ್ಲಿ ನೀರಿನ ದಾರಿಯನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾರೆ. ನೀರು ಕುಡಿಯುವ ಗಾಡಿಯ ಹೆಡ್ಡಿಗೆ ಈ ಪರೀಕ್ಷೆ ಆಗಲೇಬೇಕು. ಬಿರುಕು ಬಿಟ್ಟ ಬೀಡನ್ನು ಬೆಸೆಯುವುದು ಸುಲಭದ ಮಾತಲ್ಲ. ಇಡೀ ತುಂಡನ್ನು ಕಾಯಿಸಿ, ಬೆಸೆದು, ನಿಧಾನಕ್ಕೆ ತಣಿಸಬೇಕು. ರಸ್ತೆ ಬದಿಯ ವೆಲ್ಡಿಂಗ್ ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟಿಸುತ್ತದೆ. ಸೀಟಿನ ಬುಡದಲ್ಲಿ ಬಿರುಕು ಇದ್ದರೆ ಬೇರೆ ಹೆಡ್ ಹುಡುಕುವುದೇ ಲೇಸು.

ಬ್ಲಾಕಿನ ಕಡೆಯೂ ಒಂದು ಕಣ್ಣು. ಲೈನರುಗಳ ಅಂಚು ಒಂದೇ ಮಟ್ಟದಲ್ಲಿ ಇವೆಯೋ, ನೀರಿನ ತೂತುಗಳಲ್ಲಿ ತುಕ್ಕು ಕಟ್ಟಿದೆಯೋ, ಸ್ಟಡ್ಡುಗಳ ಮರೆ ಸವೆದಿದೆಯೋ ನೋಡದೆ ಮೇಲಿನ ಮುಚ್ಚಳ ಎಷ್ಟು ನಯಮಾಡಿದರೂ ವ್ಯರ್ಥ.

ಹುಬ್ಬಳ್ಳಿ ಬಸ್ಸಿನಲ್ಲಿ ಹೆಡ್ಡು

ಮುಖ ಉಜ್ಜಿ ನೆಟ್ಟಗೆ ಮಾಡುವುದಕ್ಕೆ ‘ಫೇಸಿಂಗ್’ ಅನ್ನುತ್ತಾರೆ. ಅದಕ್ಕೆ ಯಂತ್ರ ಬೇಕು. ಯಲ್ಲಾಪುರದಿಂದ ಸುಮಾರು 70 ಕಿ.ಮೀ. ದೂರದ ಹುಬ್ಬಳ್ಳಿ ಇಂಥ ಕೆಲಸಕ್ಕೂ ಬಿಡಿಭಾಗಕ್ಕೂ ಈ ಭಾಗದವರ ದೊಡ್ಡ ಪೇಟೆ. ಗೋಣಿಚೀಲದಲ್ಲಿ ಸುತ್ತಿದ ಹೆಡ್ಡು ಬಸ್ಸಿನ ಸೀಟಿನ ಕೆಳಗೆ ಕೂತು ಘಟ್ಟದ ಮೇಲಿನ ಕಾಡು ದಾಟಿ ಪ್ರಯಾಣ ಮಾಡುವುದು ಹೊಸದಲ್ಲ. ಎಣ್ಣೆ ಜಿನುಗಿ ಪಕ್ಕದವರ ಲುಂಗಿಗೆ ತಾಗಿದರೆ ಜಗಳವೂ ಹೊಸದಲ್ಲ. 2021ರಲ್ಲಿ ಸಾರಿಗೆ ನಿಗಮಗಳು ‘ನಮ್ಮ ಕಾರ್ಗೋ’ ಹೆಸರಲ್ಲಿ ಸಾಮಾನು ಸಾಗಾಟ ಆರಂಭಿಸಿವೆ. ತೊಳೆದು, ಒರೆಸಿ, ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದರೆ ಹೆಡ್ಡಿನ ಮುಖಕ್ಕೂ ಕ್ಷೇಮ, ಸಹಪ್ರಯಾಣಿಕರ ಬಟ್ಟೆಗೂ ಕ್ಷೇಮ.

ಫೇಸಿಂಗ್‌ಗೂ ಮಿತಿ ಇದೆ. ಎಷ್ಟು ಬೇಕೋ ಅಷ್ಟೇ ತೆಗೆಯಬೇಕು. ಹೆಚ್ಚು ತೆಗೆದರೆ ಹೆಡ್ ತೆಳುವಾಗುತ್ತದೆ, ನೋಜಲ್ ತುದಿ ಹೊರಗೆ ಚಾಚುತ್ತದೆ, ವಾಲ್ವ್‌ಗಳು ಪಿಸ್ಟನ್ನಿನ ಹತ್ತಿರ ಬರುತ್ತವೆ. ಆದ್ದರಿಂದ ಫೇಸಿಂಗ್ ಮೊದಲು, ವಾಲ್ವ್ ಕೆಲಸ ಆಮೇಲೆ. ಸರದಿ ತಿರುಗಿಸಿದರೆ ಮಾಡಿದ್ದೆಲ್ಲ ಮತ್ತೆ ಮಾಡಬೇಕು.

ಆರು ವಾಲ್ವ್, ಆರು ಸೀಟು

ವಾಲ್ವ್ ಕಾಂಡವನ್ನು ಗೈಡಿನಲ್ಲಿ ಇಟ್ಟು ಅಲ್ಲಾಡಿಸಿ ನೋಡಿದಾಗ ಲೊಟಲೊಟ ಅಂದರೆ ಗೈಡ್ ಬದಲಿಸಬೇಕು. ಸವೆದ ಗೈಡಿನಲ್ಲಿ ಎಷ್ಟು ಚೆಂದ ಸೀಟು ಕೊರೆದರೂ ವಾಲ್ವ್ ಒಂದೊಂದು ಸಲ ಒಂದೊಂದು ಕಡೆ ಕೂರುತ್ತದೆ. ಗೈಡ್ ಸರಿಯಾದ ಮೇಲೆ ಸೀಟು ಕೊರೆಯುವುದು, ಸಾಮಾನ್ಯವಾಗಿ 45 ಡಿಗ್ರಿ ಓರೆಗೆ. ಆಮೇಲೆ ಪೇಸ್ಟ್ ಹಚ್ಚಿ ಕೈಯಲ್ಲಿ ತಿಕ್ಕುವುದು. ಮೇಸ್ತ್ರಿಯ ಹುಡುಗ ಎರಡು ಅಂಗೈ ನಡುವೆ ಕೋಲು ಹಿಡಿದು ಮಜ್ಜಿಗೆ ಕಡೆದ ಹಾಗೆ ತಿರುಗಿಸುತ್ತ ಕೂರುವುದು ಈ ಕೆಲಸಕ್ಕೇ. ಸುತ್ತಲೂ ಒಂದೇ ಅಗಲದ ಬೂದು ಗೆರೆ ಮೂಡಬೇಕು. ಮೂಡಿದ ಮೇಲೆ ಪೇಸ್ಟ್ ಒಂದು ಕಣವೂ ಉಳಿಯದಂತೆ ತೊಳೆಯಬೇಕು; ಅದು ಮರಳಿನಂಥ ವಸ್ತು, ಒಳಗೆ ಹೋದರೆ ಲೈನರನ್ನೇ ತಿನ್ನುತ್ತದೆ.

ಪರೀಕ್ಷೆ ಸುಲಭ. ವಾಲ್ವ್, ಸ್ಪ್ರಿಂಗ್ ಜೋಡಿಸಿ, ಗಾಳಿ ದಾರಿಗೆ ಸೀಮೆಎಣ್ಣೆ ಹೊಯ್ದು ಸ್ವಲ್ಪ ಹೊತ್ತು ನೋಡುವುದು. ವಾಲ್ವ್ ಅಂಚಿನಲ್ಲಿ ಒದ್ದೆ ಕಾಣಬಾರದು. ಯಜಮಾನರು ತಾವೇ ಬೆರಳಿಟ್ಟು ನೋಡಬಹುದು.

ಹಳೆ ಹೆಡ್ಡುಗಳಲ್ಲಿ ಹಲವು ಸಲ ಸೀಟು ಕೊರೆದು ಕೊರೆದು ವಾಲ್ವ್ ಒಳಗೆ ಹೂತಿರುತ್ತದೆ. ಮ್ಯಾಸಿಯ ಈ ಇಂಜಿನ್ನಿನಲ್ಲಿ ಹೆಡ್ಡಿನ ಮುಖ ಸಪಾಟು, ಬೆಂಕಿ ಹೊತ್ತುವ ಗುಂಡಿ ಪಿಸ್ಟನ್ ತಲೆಯಲ್ಲಿ. ವಾಲ್ವ್ ಹೂತಷ್ಟೂ ಮೇಲೆ ಜಾಗ ಹೆಚ್ಚಿ ಹಿಂಡುವ ಶಕ್ತಿ ಕಮ್ಮಿ. ‘ಎಲ್ಲ ಹೊಸದು ಹಾಕಿದೆ, ಆದರೂ ಬೆಳಿಗ್ಗೆ ತಳ್ಳದೆ ಸ್ಟಾರ್ಟ್ ಆಗೋದಿಲ್ಲ’ ಎಂಬ ದೂರಿನ ಗುಟ್ಟು ಅನೇಕ ಕಡೆ ಇದೇ. ಅಂಥಲ್ಲಿ ಸೀಟಿಗೆ ಹೊಸ ಬಳೆ ಕೂರಿಸಬೇಕು.

ಏರಿಸುವಾಗ ಅವಸರ ಬೇಡ

ಹೊಸ ಪ್ಯಾಕಿಂಗ್ ಯಾವ ಬದಿ ಮೇಲೆ ಎಂದು ಅದರ ಮೇಲೆಯೇ ಗುರುತಿರುತ್ತದೆ. ತೂತುಗಳು, ಮುಖ್ಯವಾಗಿ ರಾಕರಿಗೆ ಎಣ್ಣೆ ಹೋಗುವ ತೂತು, ಹೊಂದುತ್ತವೋ ನೋಡಿಯೇ ಇಡಬೇಕು. ಒಮ್ಮೆ ಒತ್ತಿದ ಪ್ಯಾಕಿಂಗನ್ನು ಎರಡನೇ ಸಲ ಹಾಕುವುದು ಉಳಿತಾಯವಲ್ಲ.

ನಟ್ಟು ಬಿಗಿಯುವುದು ನಡುವಿನಿಂದ ತುದಿಗಳ ಕಡೆಗೆ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್ ಹಿಡಿದು, ಕಂಪನಿ ಪುಸ್ತಕದಲ್ಲಿ ಹೇಳಿದ ಅಂಕಿಗೆ. ‘ನಮ್ಮ ಕೈಯೇ ಟಾರ್ಕ್ ರೆಂಚ್’ ಎನ್ನುವ ಮೇಸ್ತ್ರಿಗಳಿದ್ದಾರೆ. ಕೈ ಅನುಭವದ್ದೇ ಇರಬಹುದು, ಆದರೆ ಬೆಳಗಿನ ಕೈಯೂ ಸಂಜೆ ದಣಿದ ಕೈಯೂ ಒಂದೇ ಅಲ್ಲ. ಒಂದು ನಟ್ಟು ಬಿಗಿ, ಪಕ್ಕದ್ದು ಸಡಿಲ ಆದರೆ ಫೇಸಿಂಗ್ ಮಾಡಿದ ಹೆಡ್ಡೂ ಮತ್ತೆ ಸೊಟ್ಟ.

ಟ್ಯಾಪೆಟ್ ಸಂದು ಈ ಇಂಜಿನ್‌ಗೆ ತಣ್ಣಗಿದ್ದಾಗ 12 ಥೌ, ಬಿಸಿ ಇದ್ದಾಗ 10 ಥೌ. ಡೀಸೆಲ್ ದಾರಿಯ ಗಾಳಿ ತೆಗೆದು, ಸ್ಟಾರ್ಟ್ ಮಾಡಿ, ಹದಕ್ಕೆ ಕಾಯಿಸಿ, ಮತ್ತೊಮ್ಮೆ ನಟ್ಟು ಬಿಗಿದು ಟ್ಯಾಪೆಟ್ ನೋಡಬೇಕು. ಅಲ್ಲಿಗೂ ಮುಗಿಯಲಿಲ್ಲ. 25ರಿಂದ 50 ಗಂಟೆ ದುಡಿದ ಮೇಲೆ ಪ್ಯಾಕಿಂಗ್ ಕೂತಿರುತ್ತದೆ, ನಟ್ಟು ಸಡಿಲಾಗಿರುತ್ತದೆ. ಆಗ ಇನ್ನೊಮ್ಮೆ ಬಿಗಿಯಬೇಕು. ಈ ಕೊನೆಯ ಕೆಲಸಕ್ಕೆ ಗಾಡಿ ವಾಪಸು ಬರುವುದೇ ಇಲ್ಲ. ‘ಚಲೋ ಓಡ್ತಾ ಉಂಟು, ಯಾಕೆ ಮುಟ್ಟೋದು’ ಅಂತ ಯಜಮಾನರು; ಕರೆದು ಹೇಳುವ ಪುರುಸೊತ್ತು ಮೇಸ್ತ್ರಿಗಿಲ್ಲ. ಅರ್ಧ ತಾಸಿನ ಈ ಕೆಲಸ ಬಿಟ್ಟಿದ್ದಕ್ಕೆ ಇಡೀ ಹೆಡ್ ಕೆಲಸ ನೀರಿಗೆ ಹೋದ ಉದಾಹರಣೆಗೆ ಬರವಿಲ್ಲ.

ರಿಪೇರಿಯೋ, ಗುಜರಿಯೋ?

ದುಡ್ಡು ಹಾಕುವ ಮೊದಲು ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಪಿಸ್ಟನ್, ಲೈನರ್, ಬೇರಿಂಗ್ ಕೂಡ ಸವೆದಿದ್ದರೆ ಬರೀ ಹೆಡ್ ಹೊಸದಾಗಿ ಉಪಯೋಗವಿಲ್ಲ. ಮೇಲೆ ಬಲ ಬಂದಷ್ಟೂ ಕೆಳಗಿನದು ಬೇಗ ಕೈ ಕೊಡುತ್ತದೆ. ಎರಡು, ಕಾಗದಪತ್ರ. ಕೃಷಿ ಟ್ರಾಕ್ಟರಿನ ನೋಂದಣಿಗೆ 15 ವರ್ಷ ಬಾಳಿಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು. ಆರ್‌ಸಿ ಸತ್ತ ಗಾಡಿಯ ಹೆಡ್ಡಿಗೆ ದುಡ್ಡು ಸುರಿದರೆ ರಸ್ತೆಗೆ ಇಳಿಸುವುದು ಹೇಗೆ? ಹೆಡ್ ಬದಲಿಸಿದರೆ ಇಂಜಿನ್ ನಂಬರ್ ಬದಲಾಗುತ್ತದೆ ಎಂಬ ಹೆದರಿಕೆ ಮಾತ್ರ ಬೇಡ. ನಂಬರ್ ಇರುವುದು ಬ್ಲಾಕಿನ ಮೇಲೆ.

ಇವೆರಡೂ ಸರಿಯಿದ್ದರೆ ಹಳೆ ಟ್ರಾಕ್ಟರ್ ಗುಜರಿಗೆ ಕೊಡುವ ಅಗತ್ಯವಿಲ್ಲ. ಆದರೆ ಬಿಲ್ಲಿನಲ್ಲಿ ‘ಹೆಡ್ ಕೆಲಸ’ ಎಂದು ಒಂದೇ ಸಾಲು ಬರೆಸಿಕೊಳ್ಳಬಾರದು. ಪಟ್ಟಿ ಇಟ್ಟಾಗ ಎಷ್ಟು ಥೌ ಬಂತು, ಫೇಸಿಂಗ್‌ನಲ್ಲಿ ಎಷ್ಟು ತೆಗೆದರು, ಬಿರುಕಿನ ಪರೀಕ್ಷೆ ಆಯಿತೇ, ಗೈಡ್ ಎಷ್ಟು ಬದಲಾದವು, ಎರಡನೇ ಬಿಗಿತಕ್ಕೆ ಯಾವಾಗ ಬರಬೇಕು, ಈ ಐದು ಮಾತು ಚೀಟಿಯಲ್ಲಿ ಇರಬೇಕು. ಅಡಕೆ ತೂಕದಲ್ಲಿ ನೂರು ಗ್ರಾಂ ಬಿಡದ ನಮ್ಮ ಜನ ಇಲ್ಲಿ ಮಾತ್ರ ಕಣ್ಣು ಮುಚ್ಚಿ ದುಡ್ಡು ಎಣಿಸುತ್ತಾರೆ.

ಹೊಣೆ ಯಾರದು?

ಮೇಸ್ತ್ರಿಗಳನ್ನೇ ದೂರಿ ಫಲವಿಲ್ಲ. ನಿಖರವಾದ ಪಟ್ಟಿ, ಟಾರ್ಕ್ ರೆಂಚ್, ಒತ್ತಡ ಪರೀಕ್ಷೆಯ ಸಾಧನ ಸಣ್ಣ ವರ್ಕ್‌ಶಾಪಿಗೆ ದುಬಾರಿ. ‘ಅಳತೆ ನೋಡುತ್ತೇನೆ, ಎರಡು ದಿನ ಬೇಕು’ ಅಂದವನ ಗಿರಾಕಿ ‘ಸಂಜೆಗೆ ಕೊಡ್ತೇನೆ’ ಅಂದವನ ಬಾಗಿಲಿಗೆ ಹೋಗುತ್ತಾನೆ. ಕೈಕೆಲಸ ಬಲ್ಲ ಹಿರಿಯರಿಗೆ ವಯಸ್ಸಾಗುತ್ತಿದೆ. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್, ಟ್ರಾಕ್ಟರ್ ಮೆಕ್ಯಾನಿಕ್ ಎಂಬ ಒಂದು ವರ್ಷದ ಪಾಠ ಇದೆ. ಕಲಿತ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಊರಲ್ಲಿ ಉಳಿಯುವವನಿಗೆ ಕೆಲಸಕ್ಕೆ ತಕ್ಕ ಕೂಲಿ ಸಿಕ್ಕರೆ ತಾನೇ ಉಳಿಯುವುದು?

ದಾರಿ ಇಲ್ಲದಿಲ್ಲ. ಸರ್ಕಾರ 2014-15ರಲ್ಲಿ ‘ಕೃಷಿ ಯಂತ್ರಧಾರೆ’ ಹೆಸರಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳನ್ನು ಆರಂಭಿಸಿತು. ಯಂತ್ರವನ್ನೇ ಬಾಡಿಗೆಗೆ ಕೊಡಬಹುದಾದರೆ ಯಂತ್ರ ನೆಟ್ಟಗಿಡುವ ಹತಾರವನ್ನು ಯಾಕೆ ಕೊಡಬಾರದು? ನಮ್ಮ ಸಹಕಾರಿ ಸಂಘಗಳು ಗೊಬ್ಬರ, ಔಷಧಿ, ಹಗ್ಗ, ಏಣಿ ಎಲ್ಲ ಇಡುತ್ತವೆ. ಆ ಕಪಾಟಿನಲ್ಲಿ ಒಂದು ಟಾರ್ಕ್ ರೆಂಚ್, ಒಂದು ಉಕ್ಕಿನ ಪಟ್ಟಿ, ಒಂದು ಫೀಲರ್ ಗೇಜ್ ಇಟ್ಟು ದಿನದ ಬಾಡಿಗೆಗೆ ಮೇಸ್ತ್ರಿಗಳಿಗೆ ಕೊಟ್ಟರೆ ಸಂಘಕ್ಕೆ ನಷ್ಟವೇನಿಲ್ಲ. ಮಳೆ ಹಿಡಿಯುವ ಮೊದಲು, ಗೊಬ್ಬರದ ಟ್ರೇಲರುಗಳು ಸಾಲುಗಟ್ಟುವ ಮೊದಲು, ಆಡಳಿತ ಮಂಡಳಿಯವರು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿಕೊಳ್ಳಲಿ.